ಚಿನ್ನದ ಗಣಿಯ ಊರು ಬೆಳಗಿನ ರೈಲಿನ ಊರಾದ ಬಗೆ

ಕೆ.ಜಿ.ಎಫ್. ಎಂದೊಡನೆ ಈಗಿನ ಮಕ್ಕಳಿಗೆ ನೆನಪಾಗುವುದು ಸಿನಿಮಾ. 2018ರಲ್ಲಿ ಅದರ ಮೊದಲ ಭಾಗ ಬಂದ ಮೇಲೆ, ಬೆಂಗಳೂರಿನಲ್ಲಿ ಶಿಕ್ಷಕರ ತರಬೇತಿಗೆ ಹೋದಾಗಲೆಲ್ಲ ನನಗೆ ಒಂದೇ ಪ್ರಶ್ನೆ: "ನಿಮ್ಮೂರಲ್ಲಿ ಈಗಲೂ ಚಿನ್ನ ಸಿಗುತ್ತಾ ಮೇಡಂ?" ಸಿಗುವುದಿಲ್ಲ. ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿದೆ. ಈಗ ನಮ್ಮೂರಿನಿಂದ ಹೊರಡುವುದು ಚಿನ್ನವಲ್ಲ, ಜನ. ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ರಾತ್ರಿ ಅದೇ ದಾರಿಯಲ್ಲಿ ಮರಳುವ ಸಾವಿರಾರು ಜನ. ನಾನೂ ನಾಲ್ಕು ವರ್ಷ ಅವರಲ್ಲಿ ಒಬ್ಬಳಾಗಿದ್ದೆ. ಆದ್ದರಿಂದ ಈ ಲೇಖನವನ್ನು ಇತಿಹಾಸದ ಪಾಠವೆಂದೂ ನಮ್ಮೂರಿನ ವರದಿಯೆಂದೂ ಓದಿಕೊಳ್ಳಬಹುದು.

ನಮ್ಮ ಭಾಗದಲ್ಲಿ ಚಿನ್ನ ತೆಗೆಯುವುದನ್ನು ಬ್ರಿಟಿಷರೇ ಕಲಿಸಿದರೆಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ. 1799ರಲ್ಲಿ ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಹುತಾತ್ಮರಾದ ನಂತರ ಮೈಸೂರಿನ ಗಡಿ ಗುರುತಿಸುವ ಸರ್ವೆ ನಡೆಯಿತು. ಆ ಕೆಲಸಕ್ಕೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಈ ಸುತ್ತಮುತ್ತ ಚಿನ್ನದ ಸುದ್ದಿ ಕೇಳಿ ವಿಚಾರಿಸಿದ. ಉರಿಗಾಂನ ಹಳ್ಳಿಗರು ಅವನ ಕಣ್ಣೆದುರಿಗೇ ಮಣ್ಣು ತೊಳೆದು ಚಿನ್ನದ ಪುಡಿ ತೆಗೆದು ತೋರಿಸಿದರು. ಮಾರಿಕುಪ್ಪಂ ಬಳಿ ಸ್ಥಳೀಯರು ತೋಡಿದ್ದ ಹಳೆಯ ಗುಂಡಿಗಳನ್ನೂ ಅವನು ಕಂಡ. ಇಲ್ಲಿಂದ ಹೆಚ್ಚು ದೂರವಿಲ್ಲದ ಬೂದಿಕೋಟೆ ಹೈದರ್ ಅಲಿಯವರ ಜನ್ಮಸ್ಥಳವೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರಬೇಕು. ಅಂದರೆ ಇದು ಬರಡು ಕಾಡಾಗಿರಲಿಲ್ಲ, ಜನವಸತಿಯಿದ್ದ ನಾಡು.

ವಾರನ್ ಬರೆದದ್ದು ಸುಮಾರು ಎಪ್ಪತ್ತು ವರ್ಷ ಹಾಗೆಯೇ ಉಳಿಯಿತು. ನ್ಯೂಜಿಲೆಂಡಿನ ಯುದ್ಧದಲ್ಲಿ ಸೇವೆ ಸಲ್ಲಿಸಿ ಬೆಂಗಳೂರಿಗೆ ಬಂದು ನೆಲೆಸಿದ್ದ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲಾವೆಲ್ ಎಂಬ ಸೈನಿಕ ಅದನ್ನು ಓದಿ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. ಎರಡು ವರ್ಷದ ನಂತರ ಪರವಾನಗಿ ಸಿಕ್ಕಿತು. ಆದರೆ ಕೈಯಲ್ಲಿ ಹಣವಿರಲಿಲ್ಲ. ಕೊನೆಗೆ ಹಕ್ಕನ್ನು ಬೇರೆಯವರಿಗೆ ಮಾರಿದ. ಬೆಂಗಳೂರಿನ ಲಾವೆಲ್ ರಸ್ತೆ ಅವನ ಹೆಸರಿನದೇ. ಗಣಿ ತೋಡಿದವನ ಹೆಸರು ಗಣಿಯ ಊರಲ್ಲಿ ಉಳಿಯದೆ ಬೆಂಗಳೂರಿನ ದುಬಾರಿ ರಸ್ತೆಯೊಂದರಲ್ಲಿ ಉಳಿದದ್ದು ನೋಡಿದರೆ ನನಗೆ ನಗು ಬರುತ್ತದೆ.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದಿತು. ಮೊದಲ ಕೆಲವು ವರ್ಷ ಅದಕ್ಕೂ ನಷ್ಟವೇ. ಇನ್ನೇನು ಬಿಟ್ಟು ಹೋಗಬೇಕೆನ್ನುವಾಗ ಕ್ಯಾಪ್ಟನ್ ಪ್ಲಮ್ಮರ್ ಎಂಬಾತ ಹಿಂದಿನವರು ತೋಡಿ ಬಿಟ್ಟಿದ್ದ ಹಳೆಯ ಗುಂಡಿಗಳ ಕೆಳಗೇ ಅಗೆಸಿದ. ಅಲ್ಲಿ ಸಮೃದ್ಧವಾದ ಅದಿರು ಸಿಕ್ಕಿತು. ನಮ್ಮ ಪೂರ್ವಿಕರು ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದ ಅವರು ಮುಂದುವರಿಸಿದರು ಎಂದರೆ ತಪ್ಪಾಗಲಾರದು. ನಂತರ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಾಘಾಟ್ ಹೀಗೆ ಗಣಿಗಳು ಸಾಲಾಗಿ ಎದ್ದವು. ತೆಗೆದ ಚಿನ್ನದ ಮೇಲೆ ಮೈಸೂರು ಸರ್ಕಾರಕ್ಕೆ ನೂರಕ್ಕೆ ಐದರಂತೆ ರಾಜಧನ ಸಲ್ಲುತ್ತಿತ್ತು.

ಇನ್ನು ರೈಲಿನ ವಿಷಯಕ್ಕೆ ಬರೋಣ. ಇಂದಿನ ನಮ್ಮ ಬದುಕು ನಿಂತಿರುವುದು ಅದರ ಮೇಲೆಯೇ. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ಹತ್ತು ಮೈಲಿಯ ಮಾರ್ಗ ಹಾಕಿದರು. ಪ್ರಯಾಣಿಕರ ಮೇಲಿನ ಪ್ರೀತಿಯಿಂದಲ್ಲ. ಯಂತ್ರ, ಕಲ್ಲಿದ್ದಲು, ಮರ ಸಾಗಿಸಲು. ವಿದ್ಯುತ್ತೂ ಹಾಗೆಯೇ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಆರಂಭವಾದ ಶಿವನಸಮುದ್ರದ ಯೋಜನೆಯಿಂದ 1902ರ ಜೂನ್ ಕೊನೆಯಲ್ಲಿ ಸುಮಾರು 147 ಕಿ.ಮೀ. ದೂರದ ತಂತಿಯಲ್ಲಿ ವಿದ್ಯುತ್ ಹರಿದದ್ದು ಇಲ್ಲಿಗೆ. ಆಗ ಅಷ್ಟು ಉದ್ದದ ವಿದ್ಯುತ್ ಮಾರ್ಗಗಳು ಜಗತ್ತಿನಲ್ಲೇ ಅಪರೂಪ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ನೀರು ಪಾಲಾರ್ ನದಿಯ ಬೇತಮಂಗಲದಿಂದ ಕೊಳವೆಯಲ್ಲಿ ಬಂತು. ರೈಲು, ನೀರು, ದೀಪ ಎಲ್ಲವೂ ಗಣಿಗಾಗಿ ಬಂದವು. ಜನರಿಗೆ ಸಿಕ್ಕದ್ದು ಅದರ ಉಳಿಕೆ.

ಆ ಜನ ಯಾರು? ಹೆಚ್ಚಿನವರು ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ಮಾತಿನ ದಲಿತರು. ಜೊತೆಗೆ ತೆಲುಗರು, ಕನ್ನಡಿಗರು, ಉರ್ದು ಮಾತಿನವರು. ಮೇಲಧಿಕಾರಿಗಳು ಬ್ರಿಟಿಷರು. ಅವರಿಗೆ ಬಂಗಲೆ, ಕ್ಲಬ್ಬು. ಕೆಲಸಗಾರರಿಗೆ 'ಲೈನು' ಎಂದು ಕರೆಯುವ ಸಾಲುಮನೆಗಳು, ಮೊದಮೊದಲು ತಟ್ಟಿ ಗೋಡೆಯವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸುಮಾರು 30 ಸಾವಿರ ಜನ ಗಣಿಗಳಲ್ಲಿ ದುಡಿಯುತ್ತಿದ್ದರು. ಊರನ್ನು 'ಪುಟ್ಟ ಇಂಗ್ಲೆಂಡ್' ಎಂದು ಇಂದಿಗೂ ಹೊಗಳುವವರಿದ್ದಾರೆ. ಲೈನಿನಲ್ಲಿ ಹುಟ್ಟಿ ಬೆಳೆದವರ ಬಾಯಲ್ಲಿ ಆ ಮಾತು ನಾನು ಕೇಳಿಲ್ಲ.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಷ್ಟು ಕೆಳಗೆ ಬಂಡೆಯೇ 60 ಡಿಗ್ರಿಗಿಂತ ಬಿಸಿ. ಮೇಲಿನಿಂದ ತಂಪು ಗಾಳಿ ಊದದಿದ್ದರೆ ಮನುಷ್ಯ ನಿಲ್ಲಲಾರ. ಒತ್ತಡ ತಾಳಲಾರದೆ ಬಂಡೆ ಸಿಡಿಯುವುದಿತ್ತು. ಜನ ಅದನ್ನು 'ಏರ್ ಬ್ಲಾಸ್ಟ್' ಎನ್ನುತ್ತಿದ್ದರು. ಅದು ಭೂಕಂಪದಂತೆ ಮೇಲಿನ ಮನೆಗಳನ್ನೂ ಅಲುಗಿಸುತ್ತಿತ್ತು. ನಾನು ಚಿಕ್ಕವಳಿದ್ದಾಗ ಪಾತ್ರೆಗಳು ಗಲಗಲ ಎಂದರೆ ನಮ್ಮ ದಾದಿ ತಸ್ಬೀಹ್ ಹಿಡಿದು ಕೂರುತ್ತಿದ್ದರು. ನಮ್ಮ ಮನೆಯಿಂದ ಯಾರೂ ಗಣಿಗೆ ಇಳಿದವರಲ್ಲ. ದಾದಾ ರಾಬರ್ಟ್‌ಸನ್‌ಪೇಟೆಯಲ್ಲಿ ದರ್ಜಿ. ಆದರೂ ದಾದಿ ಅಳುತ್ತಿದ್ದರು. ಯಾರ ಮನೆಯ ದೀಪ ಆರಿತೋ ಎಂದು ತಿಳಿಯುವುದಕ್ಕೆ ಪಾಳಿ ಮುಗಿಯುವವರೆಗೂ ಕಾಯಬೇಕಿತ್ತು. ಬದುಕಿ ಬಂದವರನ್ನೂ ಕಲ್ಲಿನ ಧೂಳು ಬಿಡಲಿಲ್ಲ. ಶ್ವಾಸಕೋಶಕ್ಕೆ ಸಿಲಿಕೋಸಿಸ್ ಹಿಡಿದು ಕೆಮ್ಮಿ ಕೆಮ್ಮಿ ಹೋದ ಮುದುಕರು ಪ್ರತಿ ಲೈನಿನಲ್ಲೂ ಇದ್ದರು.

ಇವರು ಬಾಯಿ ಮುಚ್ಚಿಕೊಂಡು ದುಡಿದವರೂ ಅಲ್ಲ. 1930ರಲ್ಲಿ ಕೆಲಸಗಾರರ ಬೆರಳಚ್ಚು ತೆಗೆದು ದಾಖಲಿಸುವ ಕ್ರಮ ಬಂದಾಗ, ನಾವೇನು ಕಳ್ಳರೇ ಎಂದು ಸುಮಾರು ಮೂರು ವಾರ ಮುಷ್ಕರ ಹೂಡಿದರು. ಇನ್ನೊಂದು ವಿಷಯವನ್ನು ವಿಜ್ಞಾನದ ವಿದ್ಯಾರ್ಥಿಗಳಿಗೆ ಹೇಳಲೇಬೇಕು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಗುರುತು ಜಗತ್ತಿನಲ್ಲಿ ಮೊದಲು ಸಿಕ್ಕಿದ್ದು 1965ರಲ್ಲಿ. ನಮ್ಮ ಗಣಿಯ ಆಳದಲ್ಲಿ ಮತ್ತು ಅದೇ ವರ್ಷ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿ. ಇಲ್ಲಿ ಪ್ರಯೋಗ ನಡೆಸಿದವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆಗೂಡಿ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದವು. 1962ರಲ್ಲಿ ಕೇಂದ್ರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿಯಾಯಿತು. ಅಷ್ಟರಲ್ಲಿ ಒಳ್ಳೆಯ ಅದಿರು ತೀರುತ್ತ ಬಂದಿತ್ತು. ಒಂದು ಟನ್ ಕಲ್ಲು ಪುಡಿ ಮಾಡಿದರೆ ಕೆಲವೇ ಗ್ರಾಂ ಚಿನ್ನ. ಒಟ್ಟು 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಗಣಿಯನ್ನು 2001ರ ಫೆಬ್ರವರಿ 28ರಂದು ಮುಚ್ಚಲಾಯಿತು. ಆಗ ಉಳಿದಿದ್ದವರು ಮೂರು ಸಾವಿರಕ್ಕೂ ಹೆಚ್ಚು ಕೆಲಸಗಾರರು. ನಾನು ಏಳನೆಯ ತರಗತಿಯಲ್ಲಿದ್ದೆ. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಮೇಲುಗಡೆ ದಾದಾರ ಅಂಗಡಿ ಖಾಲಿಯಾಯಿತು. ಸಂಬಳದ ದಿನ ಬಟ್ಟೆ ಹೊಲಿಸಲು ನಿಲ್ಲುತ್ತಿದ್ದ ಸಾಲು ಮುಂದೆ ಕಾಣಲಿಲ್ಲ. ಎರಡು ವರ್ಷ ನೋಡಿ ಅವರು ಹೊಲಿಗೆ ಯಂತ್ರ ಮನೆಗೆ ತಂದರು.

ಗಣಿ ಮುಚ್ಚಿದರೆ ಊರು ಬರಿದಾಗುತ್ತದೆಂದು ಎಲ್ಲರೂ ಹೇಳಿದರು. ಆಗಲಿಲ್ಲ. 2011ರ ಜನಗಣತಿಯಲ್ಲೂ ಜನಸಂಖ್ಯೆ ಒಂದೂವರೆ ಲಕ್ಷ ದಾಟಿತ್ತು. ಕಾರಣ ಮೂರು. 1964ರಲ್ಲಿ ಆರಂಭವಾದ ಬೆಮೆಲ್ ಕಾರ್ಖಾನೆ ಇಲ್ಲೇ ಇತ್ತು, ಆದರೆ ಅಷ್ಟು ಜನರಿಗೆ ಅದು ಸಾಲದು. ಎರಡನೆಯದು ಮನೆ. ಲೈನಿನ ಮನೆ ಚಿಕ್ಕದಾದರೂ ಬಾಡಿಗೆಯ ಹೊರೆಯಿಲ್ಲ. ಹಕ್ಕಿನ ಪ್ರಶ್ನೆ ವರ್ಷಗಟ್ಟಲೆ ಎಳೆದರೂ ಜನ ಬಿಟ್ಟು ಕದಲಲಿಲ್ಲ. ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಆ ಹತ್ತು ಮೈಲಿಯ ರೈಲು ಮಾರ್ಗ. ಗಣಿ ಕುಗ್ಗುತ್ತಿದ್ದ ಹೊತ್ತಿಗೇ ಬೆಂಗಳೂರು ಪೂರ್ವಕ್ಕೆ, ವೈಟ್‌ಫೀಲ್ಡ್ ಕಡೆಗೆ, ಬೆಳೆಯತೊಡಗಿತು. ನಮ್ಮ ರೈಲು ಬಂಗಾರಪೇಟೆ, ಟೇಕಲ್, ಮಾಲೂರು ದಾಟಿ ಹೋಗುವುದು ಅದೇ ವೈಟ್‌ಫೀಲ್ಡ್ ಮೂಲಕ. ಹೊಸ ಕಟ್ಟಡಗಳಿಗೆ ಕಾವಲುಗಾರ, ಎಲೆಕ್ಟ್ರಿಷಿಯನ್, ಕಸ ಗುಡಿಸುವವರು, ಲೆಕ್ಕ ಬರೆಯುವವರು ಬೇಕಿತ್ತು. ಇಂಗ್ಲಿಷ್ ಬಲ್ಲ ನಮ್ಮೂರ ಹುಡುಗ ಹುಡುಗಿಯರು ಕಂಪ್ಯೂಟರ್ ಕಂಪನಿಗಳಿಗೂ ಸೇರಿದರು. ತಾತ ಮೂರು ಕಿಲೋಮೀಟರ್ ಕೆಳಗೆ ಇಳಿಯುತ್ತಿದ್ದ ಕಾಲ ಹೋಗಿ ಮೊಮ್ಮಗ ಎಂಬತ್ತು ಕಿಲೋಮೀಟರ್ ದೂರ ಹೋಗುವ ಕಾಲ ಬಂತು.

ನಾನು ಬಿ.ಎಡ್. ಮುಗಿಸಿ ಮೊದಲು ಕೆಲಸಕ್ಕೆ ಸೇರಿದ್ದು ಮಾಲೂರು ಬಳಿಯ ಶಾಲೆಯೊಂದಕ್ಕೆ. ಹೆಂಗಸರ ಬೋಗಿಯಲ್ಲಿ ನನಗೊಂದು ಕಾಯಂ ಜಾಗವಿತ್ತು, ಅಂದರೆ ಗೆಳತಿಯರು ಕೋರಮಂಡಲ್ ಬರುವ ಮೊದಲೇ ಚೀಲ ಇಟ್ಟು ಹಿಡಿದ ಜಾಗ. ಹೋಗುವಾಗ ಎಲ್ಲರಿಗೂ ನಿದ್ದೆ. ಬರುವಾಗ ಹೂ ಕಟ್ಟುವವರು, ಅವರೆಕಾಯಿ ಸುಲಿಯುವವರು, ಮಗಳ ಮದುವೆಯ ಮಾತು, ಚೀಟಿ ಹಣದ ಜಗಳ. ರಂಜಾನ್ ತಿಂಗಳಲ್ಲಿ ಓಡುವ ರೈಲಿನಲ್ಲೇ ಇಫ್ತಾರ್. ನನ್ನ ಪಕ್ಕ ಕೂರುತ್ತಿದ್ದ ತಮಿಳು ಅಕ್ಕ ಸಮಯ ನೋಡಿ, "ಟೀಚರ್, ನೀರು ಕುಡೀರಿ, ಆಯ್ತು" ಎಂದು ನನಗಿಂತ ಮೊದಲು ನೆನಪಿಸುತ್ತಿದ್ದರು. ಆಕೆಯ ತಂದೆ ಮೈಸೂರು ಗಣಿಯವರು. ಆಕೆ ದೊಡ್ಡ ಕಟ್ಟಡವೊಂದರಲ್ಲಿ ನೆಲ ಒರೆಸುವ ಕೆಲಸಕ್ಕೆ ದಿನಕ್ಕೆ ಐದು ಗಂಟೆ ರೈಲಿನಲ್ಲಿ ಕಳೆಯುತ್ತಿದ್ದರು. "ಅಪ್ಪನಿಗೆ ಎಂಟು ಗಂಟೆ ಪಾಳಿ ಇತ್ತು ಟೀಚರ್, ನನಗೆ ಹದಿನಾರು" ಎಂದು ಒಮ್ಮೆ ಹೇಳಿದರು. ಗಣಿಯಲ್ಲಿ ಆಸ್ಪತ್ರೆಯಿತ್ತು, ಮನೆಯಿತ್ತು, ಸಂಘವಿತ್ತು. ಗುತ್ತಿಗೆ ಕೆಲಸದಲ್ಲಿ ಇರುವುದು ತಿಂಗಳ ಪಾಸು ಮಾತ್ರ.

ಆ ಪಾಸಿನ ಬೆಲೆ ಗೊತ್ತಾದದ್ದು 2020ರ ಮಾರ್ಚಿನಲ್ಲಿ. ದೇಶದ ರೈಲುಗಳೆಲ್ಲ ನಿಂತವು. ಬೇರೆ ಊರುಗಳಲ್ಲಿ ಪ್ರಯಾಣ ನಿಂತಿತು, ನಮ್ಮೂರಿನಲ್ಲಿ ಒಲೆಯೇ ನಿಂತಿತು. ಕೆಲವರು ಬೆಂಗಳೂರಿನಲ್ಲಿ ಕೋಣೆ ಹಿಡಿದು ನಾಲ್ಕೈದು ಜನ ಒಟ್ಟಿಗೆ ಇದ್ದರು. ಹಲವರು ಕೆಲಸ ಕಳೆದುಕೊಂಡರು. ಗಣಿ ಮುಚ್ಚಿದ ವರ್ಷವನ್ನು ಕಂಡಿದ್ದ ಹಿರಿಯರು ಎರಡನೇ ಸಲ ಅದೇ ನೋಡಬೇಕಾಯಿತಲ್ಲ ಎಂದರು.

ನಂತರ ಅನುಕೂಲಗಳೂ ಬಂದವು. 2023ರಲ್ಲಿ ಮೆಟ್ರೊ ವೈಟ್‌ಫೀಲ್ಡ್ ತಲುಪಿತು; 2024ರ ಕೊನೆಗೆ ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ತೆರೆಯಿತು. ಕಾರು ಉಳ್ಳವರಿಗೆ ಬೆಂಗಳೂರು ಹತ್ತಿರವಾಯಿತು. ಅದೇ 2024ರಲ್ಲಿ ಸೈನೈಡ್ ದಿಬ್ಬಗಳನ್ನು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿತು. ಚಿನ್ನ ತೆಗೆದ ಮೇಲೆ ಸುರಿದ ಆ ಪುಡಿ ಸುಮಾರು 3.3 ಕೋಟಿ ಟನ್ ಇದೆ, ಅದರಲ್ಲಿ ಇನ್ನೂ ಒಂದಿಷ್ಟು ಚಿನ್ನ ಉಳಿದಿದೆ. ಊರಿನ ಯುವಕರು ಇದರಿಂದ ಕೆಲಸ ಬರುವುದೆಂದು ಆಸೆಪಟ್ಟಿದ್ದಾರೆ. ಯಂತ್ರಗಳೇ ಮಣ್ಣು ಎತ್ತುವ ಕಾಲದಲ್ಲಿ ಎಷ್ಟು ಜನರಿಗೆ ಕೆಲಸ ಸಿಕ್ಕೀತು ಎಂಬ ಸಂಶಯ ನನ್ನದು. ಗಾಳಿ ಬೀಸಿದಾಗ ಆ ಧೂಳು ನಮ್ಮ ತರಗತಿಯ ಬೆಂಚಿನ ಮೇಲೆ ಕೂರುವುದಾದರೂ ನಿಂತರೆ ಸಾಕು.

ಶಿಕ್ಷಕಿಯಾಗಿ ನನ್ನ ಚಿಂತೆ ಬೇರೆ. ಈಗ ನಾನು ನಮ್ಮೂರಿನಲ್ಲೇ ಪಾಠ ಮಾಡುತ್ತೇನೆ. ಪೋಷಕರ ಸಭೆ ಕರೆದರೆ ಬರುವವರು ಅಜ್ಜಿಯರು. ತಂದೆತಾಯಿ ಇಬ್ಬರೂ ಫಜ್ರ್ ಅಜಾನಿಗೆ ಮೊದಲೇ ಮನೆ ಬಿಟ್ಟು ರಾತ್ರಿ ಒಂಬತ್ತಕ್ಕೆ ಬಂದರೆ ಮಗುವಿನ ನೋಟುಪುಸ್ತಕ ನೋಡುವುದು ಯಾವಾಗ? ಮಧ್ಯಾಹ್ನ ನಾಲ್ಕರಿಂದ ರಾತ್ರಿ ಒಂಬತ್ತರವರೆಗೆ ಮಕ್ಕಳು ಬೀದಿಯ ಪಾಲು, ಇಲ್ಲವೆ ಮೊಬೈಲಿನ ಪಾಲು. ಓದಿನಲ್ಲಿ ಚುರುಕಾಗಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಹೋದ ವರ್ಷ ಶಾಲೆ ಬಿಟ್ಟಳು. ವಿಚಾರಿಸಲು ಮನೆಗೆ ಹೋದೆ. ಇಬ್ಬರು ತಮ್ಮಂದಿರಿಗೆ ಅನ್ನ ಬಡಿಸುತ್ತಿದ್ದಳು. "ಅಮ್ಮಿ ಬರೋವರೆಗೂ ಇವರನ್ನ ಯಾರು ನೋಡ್ಕೋತಾರೆ ಆಪಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮೂರು ತಿಂಗಳು ಓಡಾಡಿ, ಪಕ್ಕದ ಮನೆಯ ಖಾಲಾರನ್ನು ಒಪ್ಪಿಸಿ ಮರಳಿ ಸೇರಿಸಿದೆವು.

ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ನಮ್ಮ ವಾಚನಾಲಯ ಸಂಜೆ ಆರಕ್ಕೆ ಬಾಗಿಲು ಹಾಕುತ್ತದೆ. ಅದನ್ನು ರಾತ್ರಿ ರೈಲು ಬರುವವರೆಗೆ ತೆರೆದಿಡಬೇಕು. ವಾರಕ್ಕೆ ಎರಡು ದಿನ ಕೂರಲು ನಾನು ಸಿದ್ಧಳಿದ್ದೇನೆ, ನನ್ನ ಇಬ್ಬರು ಸಹೋದ್ಯೋಗಿಗಳೂ ಒಪ್ಪಿದ್ದಾರೆ. ಉಳಿದ ನಾಲ್ಕು ದಿನಕ್ಕೆ ಜನ ಬೇಕು. ನಿವೃತ್ತ ಗಣಿ ಕೆಲಸಗಾರರೊಬ್ಬರು ಮಕ್ಕಳನ್ನು ಮನೆಗೆ ಮುಟ್ಟಿಸುವ ಹೊಣೆ ತಮಗಿರಲಿ ಎಂದು ತಾವಾಗಿಯೇ ಹೇಳಿದ್ದಾರೆ. ಅವರಿಗೆ ಟಾರ್ಚು ಬೇಡವಂತೆ, ಕತ್ತಲಲ್ಲಿ ನಡೆದು ಅಭ್ಯಾಸವಿದೆಯಂತೆ.