ಉತಾರದ ಮೂಲನೆಲೆ: ಕೆರೂರ ಹೋಬಳಿಯ ಭೂದಾಖಲೆಗಳೂ ಗಣಕಜಾಲದ ಆಡಳಿತವೂ

ಬಾದಾಮಿ ತಾಲ್ಲೂಕಿನ ಕೆರೂರ ಹೋಬಳಿಯಲ್ಲಿ ಪಹಣಿಪತ್ರಕ್ಕೆ ಇಂದಿಗೂ ಉತಾರವೆಂಬ ಹೆಸರೇ ರೂಢಿಯಲ್ಲಿದೆ. ಮುಂಬಯಿ ಆಧಿಪತ್ಯದ ಕಾಲದ ಮರಾಠಿ ದಫ್ತರದಿಂದ ಇಳಿದುಬಂದ ಈ ಮಾತಿಗೆ ನಕಲು ಎಂದೇ ಅರ್ಥ. ರೈತನ ಕೈಗೆ ಬರುವುದು ಯಾವಾಗಲೂ ನಕಲೇ. ಮೂಲವು ಬೇರೊಂದೆಡೆ ಇರುತ್ತದೆ. ಆ ಮೂಲವು ಎಲ್ಲಿರಬೇಕು, ಅದನ್ನು ತಿದ್ದುವ ಅಧಿಕಾರ ಯಾರದು, ನಕಲನ್ನು ಎಲ್ಲಿ ಕೊಡಬೇಕು ಎಂಬ ಪ್ರಶ್ನೆಗಳಿಗೆ ಒಂದು ಶತಮಾನದೊಳಗೆ ಹಲವು ಬಗೆಯ ಉತ್ತರಗಳು ದೊರೆತಿವೆ. ಅನೇಕ ಯಂತ್ರಗಳಲ್ಲಿ ಹರಡಿಕೊಂಡ ಗಣಕವ್ಯವಸ್ಥೆಯಲ್ಲಿ ಸೇವೆಗಳನ್ನು ನೆಲೆಗೊಳಿಸಿ ನಿರ್ವಹಿಸುವ ಸಮಸ್ಯೆ ಎಂದು ಗಣಕಶಾಸ್ತ್ರಜ್ಞರು ಕರೆಯುವುದೂ ಇದನ್ನೇ. ಭೂಮಿ ಯೋಜನೆಯ ಚರಿತ್ರೆಯನ್ನು ಈ ದೃಷ್ಟಿಯಿಂದ, ಒಂದು ಹೋಬಳಿಯ ನೆಲೆಯಲ್ಲಿ ನಿಂತು, ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಈ ಪ್ರಾಂತದಲ್ಲಿ ಹಕ್ಕುದಾಖಲೆಯ ಪದ್ಧತಿಗೆ ಕಾನೂನಿನ ರೂಪ ಬಂದುದು 1903ರ ಮುಂಬಯಿ ಅಧಿನಿಯಮದಿಂದ. 1913ರಲ್ಲಿ ಅದನ್ನು ಮುಂಬಯಿ ಭೂಕಂದಾಯ ಸಂಹಿತೆಯೊಳಗೆ ಸೇರಿಸಲಾಯಿತು. ಊರಿನ ಲೆಕ್ಕ ಕುಲಕರ್ಣಿಯ ದಫ್ತರದಲ್ಲಿ, ಅದರ ಮೇಲಿನ ತನಿಖೆ ಮಾಮಲೇದಾರನ ಕಚೇರಿಯಲ್ಲಿ; ಇದು ಅಂದಿನ ವ್ಯವಸ್ಥೆ. 1950ರ ಮುಂಬಯಿ ಪರಗಣಾ ಮತ್ತು ಕುಲಕರ್ಣಿ ವತನಗಳ ರದ್ದಿಯಾತಿ ಅಧಿನಿಯಮದಿಂದ ವಂಶಪಾರಂಪರ್ಯದ ಕುಲಕರ್ಣಿಕೆ ಹೋಗಿ ಸಂಬಳದ ಗ್ರಾಮಲೆಕ್ಕಿಗರು ಬಂದರು. 1964ರ ಭೂಕಂದಾಯ ಅಧಿನಿಯಮವು ಇಡೀ ರಾಜ್ಯಕ್ಕೆ ಒಂದೇ ಕಾನೂನನ್ನು ಒದಗಿಸಿತು. ಆದರೆ ಪುಸ್ತಕ ಮಾತ್ರ ಲೆಕ್ಕಿಗನ ವಶದಲ್ಲೇ ಉಳಿಯಿತು. ಈ ಅಧಿನಿಯಮದ 133ನೆಯ ಪ್ರಕರಣದಂತೆ, ಹಕ್ಕುದಾಖಲೆಯಲ್ಲಿ ಬರೆದುದನ್ನು ವಿರುದ್ಧವಾಗಿ ರುಜುವಾತಾಗುವವರೆಗೆ ಸತ್ಯವೆಂದೇ ಭಾವಿಸತಕ್ಕದ್ದು. ಮಳೆಯನ್ನೇ ನಂಬಿದ ಒಣಬೇಸಾಯದ ಸೀಮೆಯಲ್ಲಿ ಬೆಳೆಸಾಲಕ್ಕೆ ಹೋದ ರೈತನಿಗೆ ಆ ಒಂದು ಸಾಲಿನ ಬರಹ ಎಷ್ಟು ಮುಖ್ಯವೆಂಬುದನ್ನು ವಿವರಿಸಬೇಕಾಗಿಲ್ಲ. ಅದನ್ನು ಬರೆಯುವವನೂ ಕಾಯುವವನೂ ನಕಲು ಕೊಡುವವನೂ ಒಬ್ಬನೇ ಆಗಿದ್ದನೆಂಬುದೇ ಆ ಪದ್ಧತಿಯ ಬಲವೂ ದೋಷವೂ ಆಗಿದ್ದಿತು.

ಗಣಕೀಕರಣದ ಮೊದಲ ಯತ್ನ 1991ರಲ್ಲಿ ಅಂದಿನ ಗುಲಬರ್ಗಾ ಜಿಲ್ಲೆಯಲ್ಲಿ ಕೇಂದ್ರ ಸರಕಾರದ ನೆರವಿನಿಂದ ನಡೆಯಿತು. ಹಳೆಯ ಬರಹವನ್ನು ಯಂತ್ರಕ್ಕೆ ತುಂಬಿದರೇ ಹೊರತು, ಅನಂತರ ಊರಿನಲ್ಲಿ ಆಗುವ ಮಾರಾಟ, ವಾಟಣಿ, ವಾರಸಾಗಳನ್ನು ಅದಕ್ಕೆ ಮುಟ್ಟಿಸುವ ಮಾರ್ಗವನ್ನು ಗೊತ್ತುಪಡಿಸಲಿಲ್ಲ. ಕೈಬರಹದ ಪುಸ್ತಕ ಮುಂದೆ ನಡೆಯಿತು. ಯಂತ್ರದ ಪ್ರತಿ ನಿಂತಲ್ಲೇ ನಿಂತಿತು. ಎರಡು ಪ್ರತಿಗಳಿದ್ದು ಅವುಗಳಲ್ಲಿ ಯಾವುದು ಪ್ರಮಾಣವೆಂಬ ನಿಯಮವಿಲ್ಲದಿದ್ದರೆ ಕಾಗದದಲ್ಲಾಗಲಿ ಯಂತ್ರದಲ್ಲಾಗಲಿ ಇದೇ ಗತಿ.

ಭೂಮಿ ಯೋಜನೆಯ ಹೆಚ್ಚಳವಿರುವುದು ಈ ಒಂದು ಅಂಶವನ್ನು ಮನಗಂಡುದರಲ್ಲಿ ಎಂದು ನಮ್ಮ ಅಭಿಪ್ರಾಯ. ರಾಷ್ಟ್ರೀಯ ಮಾಹಿತಿ ಕೇಂದ್ರವು ತಂತ್ರಾಂಶವನ್ನು ರಚಿಸಿತು. ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಅವರು ಕಾರ್ಯದ ಹೊಣೆ ಹೊತ್ತರು. 2001ರ ಸುಮಾರಿಗೆ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ದಾಖಲೆಗಳು ಯಂತ್ರಸ್ಥವಾಗಿ 177 ಕೇಂದ್ರಗಳಲ್ಲಿ ದೊರೆಯತೊಡಗಿದವು. ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸಾರಲಾಯಿತು. ಯಂತ್ರಕ್ಕಿಂತಲೂ ಈ ಆಜ್ಞೆಯೇ ಹೆಚ್ಚು ಕೆಲಸ ಮಾಡಿತೆಂದರೆ ಅತಿಶಯೋಕ್ತಿಯಾಗದು.

ಅಂದಿನ ರಚನೆ ಗಮನಾರ್ಹವಾದುದು. ತಾಲ್ಲೂಕುಗಳನ್ನು ಬೆಂಗಳೂರಿಗೆ ಜೋಡಿಸುವ ನಂಬಲರ್ಹವಾದ ತಂತಿಜಾಲ ಇರಲಿಲ್ಲವಾದುದರಿಂದ ಪ್ರತಿ ತಾಲ್ಲೂಕು ಕಚೇರಿಯಲ್ಲೂ ಒಂದೊಂದು ಸರ್ವರನ್ನು ಇರಿಸಲಾಯಿತು. ಬಾದಾಮಿಯ ದಾಖಲೆ ಬಾದಾಮಿಯಲ್ಲಿ, ಹುನಗುಂದದ್ದು ಹುನಗುಂದದಲ್ಲಿ. ಒಂದೆಡೆಯ ಯಂತ್ರ ಕೆಟ್ಟರೆ ಮತ್ತೊಂದೆಡೆಯ ಕೆಲಸ ನಿಲ್ಲುತ್ತಿರಲಿಲ್ಲ. ಇದಕ್ಕೆ ಬೆಲೆಯನ್ನೂ ತೆರಬೇಕಾಗಿದ್ದಿತು: ತಂತ್ರಾಂಶದಲ್ಲಿ ಒಂದು ತಿದ್ದುಪಡಿಯಾದರೂ ಅದನ್ನು ಅಷ್ಟೂ ಕಡೆಗಳಲ್ಲಿ ಹೊಸದಾಗಿ ಸ್ಥಾಪಿಸಬೇಕು, ಪ್ರತಿಯೊಂದು ಕಡೆಯೂ ಯಂತ್ರವನ್ನು ನೋಡಿಕೊಳ್ಳಲು ತರಬೇತಿ ಹೊಂದಿದವರು ಬೇಕು. ಈ ಕೆಲಸಕ್ಕೆ ಗ್ರಾಮಲೆಕ್ಕಿಗರನ್ನೇ ತರಬೇತಿಗೊಳಿಸಿ ನಿಯಮಿಸಿದರು. ಯಾರ ಕೈಯಿಂದ ಪುಸ್ತಕವನ್ನು ತೆಗೆದುಕೊಂಡರೋ ಅವರ ವರ್ಗದವರ ಕೈಗೇ ಯಂತ್ರವನ್ನು ಒಪ್ಪಿಸಿದುದು ಜಾಣತನವೇ ಸರಿ. ಅಧಿಕಾರಿಯು ಬೆರಳಚ್ಚು ಕೊಟ್ಟ ಹೊರತು ಯಂತ್ರವು ತೆರೆಯುತ್ತಿರಲಿಲ್ಲ. ಆದಕಾರಣ ಬದಲಾವಣೆ ಮಾಡಿದವರು ಯಾರೆಂಬುದನ್ನು ಅಲ್ಲಗಳೆಯುವಂತಿರಲಿಲ್ಲ. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರತಿಯಲ್ಲೇ ವಿಚಾರಣೆಯಾಗಬೇಕು, ನೋಟೀಸಿಗೆ 30 ದಿನ ಎಂಬ ಕಟ್ಟನ್ನೂ ತಂತ್ರಾಂಶದೊಳಗೇ ಹೆಣೆಯಲಾಗಿತ್ತು. ಹಿಂದಿನ ಅರ್ಜಿಯನ್ನು ಬದಿಗಿಟ್ಟು ಮುಂದಿನದನ್ನು ಎತ್ತಿಕೊಳ್ಳುವ ಹಳೆಯ ಕಲೆ ಇದರಿಂದ ಕುಂದಿತು.

ಆದರೆ ಕೆರೂರ ಭಾಗದ ರೈತನ ಪಾಲಿಗೆ ಇದರ ಪರಿಣಾಮ ಮಿಶ್ರವಾಗಿದ್ದಿತು. ಲೆಕ್ಕಿಗನಿಗಾಗಿ ಕಾಯುವುದು ತಪ್ಪಿತು. 15 ರೂಪಾಯಿ ಶುಲ್ಕಕ್ಕೆ ಮುದ್ರಿತ ಉತಾರ ಕೈಗೆ ಬಂದಿತು. ಅದೇ ಉತಾರಕ್ಕಾಗಿ ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ಬಾದಾಮಿಗೆ ಹೋಗಬೇಕಾಯಿತು. ಹಳೆಯ ಪುಸ್ತಕದ ತಪ್ಪುಗಳೂ ಯಂತ್ರವನ್ನು ಹೊಕ್ಕು ಅಚ್ಚಿನ ಗಾಂಭೀರ್ಯವನ್ನು ಪಡೆದವು; ತಂದೆಯ ಹೆಸರಿನ ಒಂದು ಅಕ್ಷರ ತಿದ್ದಿಸಲೂ ಅರ್ಜಿ, ಆದೇಶ, ಅಲೆದಾಟ. ಸೊಲೊಮನ್ ಬೆಂಜಮಿನ್ ಮೊದಲಾದವರು 2007ರ ತಮ್ಮ ಪ್ರಬಂಧದಲ್ಲಿ, ದಾಖಲೆಯ ಕೇಂದ್ರೀಕರಣದಿಂದ ಬೆಂಗಳೂರಿನ ಸುತ್ತಣ ದೊಡ್ಡ ಭೂವ್ಯವಹಾರಸ್ಥರಿಗೇ ಹೆಚ್ಚು ಅನುಕೂಲವಾಯಿತೆಂದು ವಾದಿಸಿರುವರು. ರಾಜಧಾನಿಯ ನೆರೆಯ ಭೂಮಿಯ ವಿಷಯದಲ್ಲಿ ಈ ವಾದಕ್ಕೆ ತೂಕವಿದೆ. ಬಾದಾಮಿ ಸೀಮೆಯ ಎರೆಹೊಲಕ್ಕೆ ಅದನ್ನು ಹಾಗೆಯೇ ಅನ್ವಯಿಸಲು ನಾವು ಹಿಂಜರಿಯುತ್ತೇವೆ. ಇಲ್ಲಿಯ ಪ್ರಶ್ನೆ ಮುಖ್ಯವಾಗಿ ದೂರದ್ದು.

ಆ ದೂರ ಕಡಿಮೆಯಾದ ಬಗೆ ವಿಚಿತ್ರವಾದುದು. ರಾಜ್ಯವ್ಯಾಪಿ ಜಾಲವು ತಾಲ್ಲೂಕುಗಳನ್ನು ಮುಟ್ಟಿದ ಮೇಲೆ ದಾಖಲೆಗಳನ್ನು ತಾಲ್ಲೂಕಿನ ಸರ್ವರುಗಳಿಂದ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸಾಗಿಸಲಾಯಿತು. ಮೂಲವು ಬಾದಾಮಿಯಿಂದ ನೂರಾರು ಮೈಲು ಆಚೆಗೆ ಸರಿಯಿತು. ಆದುದರಿಂದಲೇ ನಕಲು ಕೆರೂರಿಗೆ ಬರುವುದು ಸಾಧ್ಯವಾಯಿತು. ಹೋಬಳಿಯ ನಾಡಕಚೇರಿಯಲ್ಲಿ ತೆರೆದ ಅಟಲ್‌ಜೀ ಜನಸ್ನೇಹಿ ಕೇಂದ್ರಕ್ಕೆ ತನ್ನದೇ ದಾಖಲೆಯ ಭಂಡಾರ ಬೇಕಿರಲಿಲ್ಲ, ಸಂಪರ್ಕವೊಂದಿದ್ದರೆ ಸಾಕಾಗಿತ್ತು. ತಂತ್ರಾಂಶದ ಹೊಸ ಆವೃತ್ತಿಯನ್ನು ಒಂದೆಡೆ ಸ್ಥಾಪಿಸಿದರೆ ಎಲ್ಲೆಡೆಗೂ ಸಲ್ಲುವಂತಾಯಿತು. 2012ರಲ್ಲಿ ಸಕಾಲ ಅಧಿನಿಯಮ ಜಾರಿಗೆ ಬಂದು ಸೇವೆಗಳಿಗೆ ದಿನಗಳ ಗಡುವೂ ಬಿದ್ದಿತು. ಇಂದು ಉತಾರವನ್ನು ಮನೆಯಲ್ಲಿದ್ದೇ ಪಡೆಯಬಹುದಾಗಿದೆ.

ಈ ಏರ್ಪಾಟಿನಲ್ಲಿ ಹಳೆಯದೊಂದು ಗುಣ ನಷ್ಟವಾಯಿತು. ತಾಲ್ಲೂಕಿನ ಸರ್ವರಿನ ಕಾಲದಲ್ಲಿ ಕೆಡುಕು ಆಯಾ ತಾಲ್ಲೂಕಿಗೆ ಸೀಮಿತವಾಗಿದ್ದಿತು. ಈಗ ಕೇಂದ್ರದಲ್ಲಿ ತಡೆಯುಂಟಾದರೆ ಕೆರೂರ, ಇಳಕಲ್ಲ, ಕೊಳ್ಳೇಗಾಲಗಳೆಲ್ಲ ಒಟ್ಟಿಗೇ ಕಾಯಬೇಕು. 'ಸರ್ವರ್ ಇಲ್ಲ' ಎಂಬ ಮಾತು ಕನ್ನಡದ ಆಡುನುಡಿಯಲ್ಲಿ ಸೇರಿಹೋಗಿರುವುದು ಇದರಿಂದಲೇ. ಹಿಂದೆ 'ಕುಲಕರ್ಣಿ ಊರಲ್ಲಿಲ್ಲ' ಎನ್ನುತ್ತಿದ್ದ ಜಾಗದಲ್ಲಿ ಇದು ಬಂದು ಕುಳಿತಿದೆ.

ಕಾಗದವೂ ಪೂರ್ಣವಾಗಿ ನಿವೃತ್ತವಾಗಿಲ್ಲ. ಯಂತ್ರಸ್ಥವಾದುದು ಪಹಣಿಯೇ ಹೊರತು ಅದರ ಹಿಂದಿನ ಕಡತಗಳೆಲ್ಲ ಅಲ್ಲ. ವಾಟಣಿಯ ತಕರಾರು ಬಂದಾಗ ಪಕ್ಷಗಾರರು ಇಂದಿಗೂ ತಾಲ್ಲೂಕಿನ ದಾಖಲೆಕೋಣೆಯನ್ನೇ ಅರಸಿಹೋಗುವರು. ಆ ಕಡತಗಳ ಚಿತ್ರಗಳನ್ನು ತೆಗೆದು ಗಣಕಕ್ಕೆ ಸೇರಿಸಲು ಸರಕಾರವು 2024ರಲ್ಲಿ ಭೂ ಸುರಕ್ಷಾ ಯೋಜನೆಯನ್ನು ಕೈಗೊಂಡಿತು. ಶಿಥಿಲವಾದ ಮೋಡಿ ಬರಹದ ಹಾಳೆಗಳನ್ನು ಯಂತ್ರವು ಚಿತ್ರವಾಗಿ ಉಳಿಸಬಲ್ಲದು. ಮುಂಬಯಿ ಕರ್ನಾಟಕದ ದಫ್ತರಗಳಲ್ಲಿ ಅವನ್ನು ಓದಬಲ್ಲವರ ಸಂಖ್ಯೆ ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ.