ಜಾಡಿಯಲ್ಲಿ 59 ವರ್ಷ ಬಾಳಿದ 'ಅಜ್ಜಿ'

ಎರಡು ಮಳೆಗಾಲದ ಹಿಂದಿನ ಮಾತು. ಶಿರಸಿಯ ಗೆಳೆಯನೊಬ್ಬ ಬೆಳಿಗ್ಗೆ ಬೆಳಿಗ್ಗೆ ಫೋನ್ ಮಾಡಿ, "ಮಾರಾಯ, ಮನೆಯೆಲ್ಲ ಮೀನು ಪೇಟೆ ಆಗೋಗಿದೆ, ಒಮ್ಮೆ ಬಂದು ನೋಡು" ಅಂದ. ನಾವು ಹೋಗುವಷ್ಟರಲ್ಲಿ ಅವನ ಹೆಂಡತಿ ಕಿಟಕಿಗಳನ್ನೆಲ್ಲ ತೆರೆದು ಊದುಬತ್ತಿ ಹಚ್ಚಿಟ್ಟಿದ್ದರು. ಜಗುಲಿಯ ಮೂಲೆಯಲ್ಲಿದ್ದ ಮೂರಡಿ ಗಾಜಿನ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ತಳದಲ್ಲಿ ಏನೋ ಒಂದು, ನೆನೆದ ಹತ್ತಿಯಂತೆ ಕರಗಿ ಬಿದ್ದಿತ್ತು.

ಅದು ಅನಿಮೋನ್. ಕನ್ನಡದಲ್ಲಿ ಕಡಲ ಹೂ ಅನ್ನಬಹುದು, ಆದರೆ ಅದು ಹೂವಲ್ಲ, ಪ್ರಾಣಿ. ಹವಳ ಮತ್ತು ಜೆಲ್ಲಿ ಮೀನಿನ ನೆಂಟ. ಬುಡದಿಂದ ಬಂಡೆಗೆ ಅಂಟಿಕೊಂಡು, ಮೇಲೆ ಬೆರಳಿನಂಥ ಎಳೆಗಳನ್ನು ಬಿಚ್ಚಿ ಕೂರುತ್ತದೆ. ಆ ಎಳೆಗಳ ತುಂಬ ತುರಿಕೆ ಸೊಪ್ಪಿನ ಹಾಗೆ ಕುಟುಕುವ ಕೋಶಗಳು. ಬೇರೆ ಮೀನು ತಾಗಿದರೆ ಸಿಕ್ಕಿಬೀಳುತ್ತದೆ. ಕ್ಲೌನ್ ಫಿಶ್ ಮಾತ್ರ, ನಮ್ಮ ಮಕ್ಕಳ ಬಾಯಲ್ಲಿ 'ನೆಮೋ ಮೀನು', ಅದರ ನಡುವೆ ಹಾಸಿಗೆ ಹಾಸಿಕೊಂಡವರ ಹಾಗೆ ಮಲಗುತ್ತದೆ.

ಗೆಳೆಯ ಮಗಳ ಹುಟ್ಟುಹಬ್ಬಕ್ಕೆಂದು ದೊಡ್ಡ ಊರಿನ ಒಂದು ಅಂಗಡಿಯಿಂದ ನೆಮೋ ಜೋಡಿ ತಂದಿದ್ದ. "ಮನೆ ಇಲ್ಲದಿದ್ದರೆ ಮೀನು ಸೊರಗುತ್ತದೆ" ಎಂದು ಅಂಗಡಿಯವ ಒಂದು ಅನಿಮೋನನ್ನೂ ಕಟ್ಟಿಕೊಟ್ಟಿದ್ದ. ಕುಮಟಾದಿಂದ ಬರುವ ಲಾರಿಯ ಡ್ರೈವರ್ ಕ್ಯಾನಿನಲ್ಲಿ ಸಮುದ್ರದ ನೀರು ತಂದುಕೊಟ್ಟ. 19ನೇ ದಿನಕ್ಕೆ ಅನಿಮೋನ್ ಕರಗಿತು. ಮೀನುಗಳು ಬಕೆಟ್ಟಿನಲ್ಲಿ ಬದುಕಿಕೊಂಡವು. ಮಗಳು ಎರಡು ದಿನ ಊಟ ಬಿಟ್ಟಳು.

ತಪ್ಪು ಎಲ್ಲಾಯಿತು ಎಂದು ಹುಡುಕಲು ಹೊರಟ ನಾವು ಹೋಗಿ ನಿಂತದ್ದು 200 ವರ್ಷ ಹಿಂದಕ್ಕೆ, ಸ್ಕಾಟ್‌ಲೆಂಡಿನ ಎಡಿನ್‌ಬರೋ ಪಟ್ಟಣದಲ್ಲಿ. ಕಡಲ ಜೀವವನ್ನು ಮನೆಯೊಳಗೆ ಸಾಕುವ ಹುಚ್ಚಿನ ಮೊದಲ ಅಧ್ಯಾಯಗಳಲ್ಲಿ ಒಂದು ಅಲ್ಲಿಯದು.

ಸರ್ ಜಾನ್ ಗ್ರಹಾಂ ಡಾಲಿಯೆಲ್ ಎಂಬವರು 1828ರಲ್ಲಿ ನಾರ್ತ್ ಬೆರಿಕ್ ಎಂಬಲ್ಲಿಯ ಬಂಡೆಯಿಂದ ಒಂದು ಸಣ್ಣ ಅನಿಮೋನ್ ಬಿಡಿಸಿ ತಂದು ಗಾಜಿನ ಜಾಡಿಯಲ್ಲಿಟ್ಟರು. ಪಂಪು ಇಲ್ಲ, ಫಿಲ್ಟರ್ ಇಲ್ಲ, ಕರೆಂಟು ಎಂಬ ಮಾತೇ ಇಲ್ಲದ ಕಾಲ. ಇದ್ದದ್ದು ಒಂದೇ ಉಪಾಯ, ನೀರು ಬದಲಿಸುವುದು. ಸಮುದ್ರದಿಂದ ಹೊಸ ನೀರು ಹೊತ್ತು ತರಲಿಕ್ಕೆಂದೇ ಅವರು ಒಬ್ಬ ಹಮಾಲಿಯನ್ನು ಗೊತ್ತು ಮಾಡಿದ್ದರು. ತಿನ್ನಲು ಹದಿನೈದು ದಿನಕ್ಕೊಮ್ಮೆ ಅರ್ಧ ನೀಲಿಕಲ್ಲು, ಕರಾವಳಿಯವರು ಬಂಡೆಯಿಂದ ಕಿತ್ತು ಸುಕ್ಕ ಮಾಡುವ ಅದೇ ಜಾತಿಯ ಚಿಪ್ಪು. ಅಷ್ಟೇ.

1851ರಲ್ಲಿ ಡಾಲಿಯೆಲ್ ತೀರಿಕೊಂಡರು. ಅನಿಮೋನ್ ತೀರಲಿಲ್ಲ. ಜಾಡಿ ಪ್ರೊಫೆಸರ್ ಜಾನ್ ಫ್ಲೆಮಿಂಗ್ ಕೈಗೆ ಹೋಯಿತು. 1857ರ ಒಂದೇ ರಾತ್ರಿಯಲ್ಲಿ ಅದು 200ಕ್ಕೂ ಹೆಚ್ಚು ಮರಿ ಹಾಕಿತೆಂದು ದಾಖಲೆಯಿದೆ. ಫ್ಲೆಮಿಂಗ್ ಅದೇ ವರ್ಷ ಹೋದರು. ಆಮೇಲೆ ಒಬ್ಬ ಡಾಕ್ಟರು, ಆಮೇಲೆ ಎಡಿನ್‌ಬರೋ ಸಸ್ಯೋದ್ಯಾನದವರು. ಮನೆಯ ಹಳೆಯ ದೇವರ ಪೆಟ್ಟಿಗೆಯಂತೆ ಜಾಡಿ ಕೈಯಿಂದ ಕೈಗೆ ದಾಟಿತು. ಅಷ್ಟು ಹೊತ್ತಿಗೆ ಊರವರು ಅದಕ್ಕೆ 'ಗ್ರ್ಯಾನಿ' ಎಂದು, ಅಂದರೆ ಅಜ್ಜಿ ಎಂದು, ಹೆಸರಿಟ್ಟಿದ್ದರು. ಅಜ್ಜಿ ಸತ್ತದ್ದು 1887ರ ಆಗಸ್ಟಿನಲ್ಲಿ. ಜಾಡಿಯೊಳಗೆ 59 ವರ್ಷ! ಅದರ ಸಾವಿನ ಸುದ್ದಿ ಪತ್ರಿಕೆಯಲ್ಲಿ ಬಂತು. (ನಮ್ಮಂಥ ವರದಿಗಾರರು ಕಳಿಸುವ ಎಷ್ಟೋ ಸುದ್ದಿಗೆ ಆ ಯೋಗವಿಲ್ಲ.)

ಅದೇ ಕಾಲದ ಇನ್ನೊಂದು ಮನೆ ಲಂಡನ್ನಿನಲ್ಲಿತ್ತು. ಆ್ಯನಾ ಥಿನ್ ಎಂಬ ಮಹಿಳೆ 1846ರಲ್ಲಿ ಟಾರ್ಕೀ ಎಂಬ ಕಡಲೂರಿನಿಂದ ಜೀವಂತ ಹವಳ ತಂದು ಸಾಕಿದರು. ನೀರಿಗೆ ಗಾಳಿ ಬೆರೆಯಲೆಂದು ದಿನಾ ಅರ್ಧ ಮುಕ್ಕಾಲು ಗಂಟೆ ತೆರೆದ ಕಿಟಕಿಯ ಮುಂದೆ ನಿಂತು, ಚಹಾ ಆರಿಸುವ ಹಾಗೆ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಎತ್ತಿ ಹುಯ್ಯಬೇಕಿತ್ತು. ಹುಯ್ದವಳು ಮನೆಗೆಲಸದಾಕೆ. ಪುಸ್ತಕಗಳಲ್ಲಿ ಆ್ಯನಾ ಹೆಸರಿದೆ, ಹುಯ್ದವಳ ಹೆಸರಿಲ್ಲ. ಡಾಲಿಯೆಲ್ ಅವರ ಹಮಾಲಿಯದ್ದೂ ಇಲ್ಲ. ಆದರೆ ಆ ಜೀವಗಳು ಉಳಿದದ್ದು ಇವರಿಬ್ಬರಂಥವರ ರಟ್ಟೆಯಿಂದ.

ಮುಂದಿನದು ಬೇರೆಯೇ ಕಥೆ. 1845ರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ ಹೋಯಿತು, ಗಾಜು ಅಗ್ಗವಾಯಿತು. ರೈಲು ಸಮುದ್ರದ ದಂಡೆಗೆ ಬಂತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು. ಅದಕ್ಕೆ ಕಡಲ ಜೀವಗಳನ್ನು ಒದಗಿಸಿದವರಲ್ಲಿ ಮುಖ್ಯರು ಫಿಲಿಪ್ ಹೆನ್ರಿ ಗಾಸ್. ಮರುವರ್ಷ ಅವರು ಬರೆದ ಪುಸ್ತಕದಿಂದಲೇ 'ಅಕ್ವೇರಿಯಂ' ಎಂಬ ಪದ ಮನೆಮಾತಾಯಿತು. ಗಾಸ್ ಒಳ್ಳೆಯ ಮನುಷ್ಯ, ಕಡಲ ಜೀವಗಳನ್ನು ನಿಜವಾಗಿ ಪ್ರೀತಿಸಿದವರು. ಆದರೆ ಅವರ ಪುಸ್ತಕ ಓದಿದ ಜನ ಉಳಿ ಸುತ್ತಿಗೆ ಹಿಡಿದು ದಂಡೆಗೆ ಇಳಿದರು. ಬಂಡೆಯ ಗುಂಡಿಗಳಲ್ಲಿದ್ದ ಅನಿಮೋನುಗಳನ್ನು ಕಿತ್ತು ತಂದರು. ಹೆಚ್ಚಿನವು ವಾರದೊಳಗೆ ಸತ್ತವು. ಮತ್ತೆ ಕಿತ್ತು ತಂದರು. ಗಾಸ್ ಅವರ ಮಗ ಎಡ್ಮಂಡ್ 1907ರಲ್ಲಿ ಬರೆದ ಆತ್ಮಕಥನದಲ್ಲಿ, ತನ್ನ ಬಾಲ್ಯದಲ್ಲಿ ತುಂಬಿದ್ದ ಆ ದಂಡೆ ಹೇಗೆ ಬರಿದಾಯಿತೆಂದು ನೊಂದು ಬರೆದಿದ್ದಾರೆ. ತಂದೆಗೂ ಆ ನೋವಿತ್ತೆಂದು ಹೇಳಿದ್ದಾರೆ.

ಇಲ್ಲಿಯವರೆಗೆ ನೆಮೋ ಮೀನಿನ ಸುದ್ದಿಯೇ ಬರಲಿಲ್ಲ ಅಲ್ಲವೇ? ಅದು ತಣ್ಣನೆಯ ಬ್ರಿಟಿಷ್ ಕಡಲಿನ ಮೀನಲ್ಲ, ನಮ್ಮ ಹಿಂದೂ ಮಹಾಸಾಗರದಿಂದ ಪೆಸಿಫಿಕ್‌ವರೆಗಿನ ಬಿಸಿ ನೀರಿನದು. ಅನಿಮೋನ್ ಮತ್ತು ಮೀನಿನ ಸಹವಾಸವನ್ನು 1868ರಲ್ಲಿ ಬರೆದು ತಿಳಿಸಿದವರು ಕತ್ಬರ್ಟ್ ಕಾಲಿಂಗ್‌ವುಡ್. ದಕ್ಷಿಣ ಚೀನಾ ಸಮುದ್ರದ ಹವಳದ ದಿಬ್ಬದಲ್ಲಿ ಸುಮಾರು ಎರಡು ಅಡಿ ಅಗಲದ ಅನಿಮೋನನ್ನು ಕೆದಕಿದಾಗ ಒಳಗಿಂದ ಮೀನು ಹೊರಬಂದದ್ದನ್ನು ಅವರು ಕಂಡರು. ಮೀನಿನ ಮೈಯ ಲೋಳೆಯೇ ಅದಕ್ಕೆ ರಕ್ಷೆ. ಹೊಸ ಅನಿಮೋನ್ ಸಿಕ್ಕಿದರೆ ಒಮ್ಮೆಲೇ ನುಗ್ಗುವುದಿಲ್ಲ. ಮೊದಲು ಬಾಲ ತಾಗಿಸಿ, ಆಮೇಲೆ ಹೊಟ್ಟೆ ತಾಗಿಸಿ, ನಿಧಾನಕ್ಕೆ ಒಗ್ಗಿಕೊಳ್ಳುವುದುಂಟು. ಬದಲಿಗೆ ಅನಿಮೋನನ್ನು ಕಚ್ಚಿ ತಿನ್ನಲು ಬರುವ ಮೀನುಗಳನ್ನು ಓಡಿಸುತ್ತದೆ. ಅದರ ಹೊಲಸು ಅನಿಮೋನಿಗೆ ಗೊಬ್ಬರ.

ಗೊಬ್ಬರ ಎಂದದ್ದು ಬರೀ ಉಪಮೆಯಲ್ಲ. ಈ ಬಿಸಿ ಕಡಲಿನ ಅನಿಮೋನುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿದೆ. ಬಿಸಿಲಿನಲ್ಲಿ ಅದು ಆಹಾರ ತಯಾರಿಸಿ ಅನಿಮೋನಿಗೂ ಕೊಡುತ್ತದೆ. ಎಡಿನ್‌ಬರೋದ ಅಜ್ಜಿಗೆ ಇಂಥ ಬಿಸಿಲಿನ ಹಂಗಿರಲಿಲ್ಲ, ನೆಮೋ ಸಾಕುವ ಅನಿಮೋನಿಗೆ ಇದೆ. ಬೆಳಕು ಸಾಲದೆ ಹೋದರೆ ಪಾಚಿ ಹೊರಬಿದ್ದು ಅನಿಮೋನ್ ಬಿಳುಚಿಕೊಳ್ಳುತ್ತದೆ. ಅಂಗಡಿಯಲ್ಲಿ ಬೆಳ್ಳಗೆ ಹೊಳೆಯುವ ಅನಿಮೋನ್ ಕಂಡು ಚಂದ ಎಂದು ಕೊಳ್ಳುತ್ತೇವಲ್ಲ, ಅದು ಹಸಿದ ಪ್ರಾಣಿ. ಗೆಳೆಯ ತಂದದ್ದೂ ಬಿಳಿಯದೇ.

ಈ ಬಿಸಿಲಿನ ಗುಟ್ಟನ್ನು ಚೆನ್ನಾಗಿ ಬಳಸಿದವರು ಇಂಡೋನೇಷ್ಯಾದ ಜಕಾರ್ತದ ಲೀ ಚಿನ್ ಎಂಗ್. 1961ರಲ್ಲಿ ಅವರು ತಮ್ಮ ಪದ್ಧತಿ ಬರೆದರು. ಸಮುದ್ರದ ನೀರು, ಬಿಸಿಲು, ಗಾಳಿಯ ಗುಳ್ಳೆ, ಮತ್ತು ಜೀವಾಣು ತುಂಬಿದ ಕಡಲ ಕಲ್ಲು. ಕಲ್ಲಿನಲ್ಲಿರುವ ಜೀವಾಣುಗಳೇ ನೀರಿನ ಹೊಲಸನ್ನು ತಿಂದು ಶುದ್ಧ ಮಾಡುತ್ತವೆ. ತಿಪ್ಪೆ ಹಣ್ಣಾಗಲು ಸಮಯ ಬೇಕಾದ ಹಾಗೆ ತೊಟ್ಟಿಯೂ ಹಣ್ಣಾಗಬೇಕು. ಮೀನಿಗೆ ಒಂದೆರಡು ತಿಂಗಳಾದರೆ, ಅನಿಮೋನಿಗೆ ಆರು ತಿಂಗಳಿಂದ ವರ್ಷ ಕಾಯಿರಿ ಎನ್ನುತ್ತಾರೆ ಅನುಭವಸ್ಥರು. ಒಂದು ಎಚ್ಚರಿಕೆ: ನಮ್ಮ ದೇಶದಲ್ಲಿ ಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ಕಡಲಿನಿಂದ ಹವಳದ ತುಂಡು ಕಿತ್ತು ತಂದರೆ ಹುಲಿ ಕೊಂದಷ್ಟೇ ಗಂಭೀರ ಕೇಸು.

ಗೆಳೆಯನ ತೊಟ್ಟಿ ನಾಲ್ಕು ದಿನದ್ದು. ಅದೊಂದೇ ಅಲ್ಲ. ಲಾರಿಯಲ್ಲಿ ಬಂದದ್ದು ಜುಲೈ ತಿಂಗಳ ನೀರು. ಆ ಹೊತ್ತಿಗೆ ಘಟ್ಟದ ಹೊಳೆಗಳೆಲ್ಲ ಕಡಲಿಗೆ ಸೇರಿ ದಂಡೆಯ ನೀರು ಕೆಂಪಾಗಿ, ಉಪ್ಪು ಕಡಿಮೆಯಾಗಿರುತ್ತದೆ. ಅನಿಮೋನಿಗೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೇಕು, ಏರಿಳಿತ ಆಗದು. ಮೂರನೆಯದು ಶಿರಸಿಯ ಮಳೆಗಾಲದ ಕರೆಂಟು. ಆ ವಾರ ಮರ ಬಿದ್ದು 14 ತಾಸು ಕರೆಂಟಿರಲಿಲ್ಲ. ಪಂಪು ನಿಂತಿತು. ಮನೆಯಲ್ಲಿ ನೀರು ಎತ್ತಿ ಹುಯ್ಯಬೇಕೆಂಬುದು ಯಾರಿಗೂ ಗೊತ್ತಿರಲಿಲ್ಲ.

ಮೀನು ಹೇಗೆ ಉಳಿಯಿತು? ಅದು ಗಟ್ಟಿ. ಎಷ್ಟೋ ತಲೆಮಾರಿನಿಂದ ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದು. 1970ರ ದಶಕದ ಆರಂಭದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಮಾರ್ಟಿನ್ ಮೋ ಇದರ ಮರಿಗಳನ್ನು ಮಾರಾಟದ ಮಟ್ಟದಲ್ಲಿ ಬೆಳೆಸಿದರು. ನಮ್ಮಲ್ಲಿ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ತಮಿಳುನಾಡಿನ ಮಂಡಪಂನಲ್ಲಿ, ಕೇರಳದ ವಿಳಿಂಜಂನಲ್ಲಿ ಕ್ಲೌನ್ ಫಿಶ್ ಮರಿ ಮಾಡಿಸಿದ್ದಾರೆ. ಅನಿಮೋನ್ ಹಾಗಲ್ಲ. ಎಳೆಯ ತುದಿ ಗುಳ್ಳೆಯಂತೆ ಉಬ್ಬುವ ಒಂದು ಜಾತಿ ತೊಟ್ಟಿಯಲ್ಲೇ ಎರಡಾಗಿ ಸೀಳಿ ಹೆಚ್ಚುತ್ತದೆ. ಉಳಿದ ದೊಡ್ಡ ಜಾತಿಗಳು ಪೇಟೆಗೆ ಬರುವುದು ಹೆಚ್ಚಾಗಿ ಕಡಲಿನಿಂದ ಕಿತ್ತೇ. ಗಾಸ್ ಕಾಲದ ಉಳಿ ಸುತ್ತಿಗೆ ಇನ್ನೂ ನಿಂತಿಲ್ಲ. ಒಂದು ಅನಿಮೋನ್ ಹೋದರೆ ಅದನ್ನೇ ನಂಬಿದ ಮೀನಿನ ಸಂಸಾರವೂ ಹೋಯಿತು. ಮೀನಿಗೆ ಅನಿಮೋನ್ ಬೇಕಾದದ್ದು ಕಡಲಿನಲ್ಲಿ, ಶತ್ರುಗಳಿರುವ ಕಡೆ. ತೊಟ್ಟಿಯಲ್ಲಿ ಅದಿಲ್ಲದೆಯೂ ನೆಮ್ಮದಿಯಾಗಿರುತ್ತದೆ. ಅಂಗಡಿಯವ ಹೇಳಿದ್ದು ಸುಳ್ಳು.

ಆ ಸಂಸಾರದ ರೀತಿಯೂ ವಿಚಿತ್ರ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅವಳದೇ ಯಜಮಾನಿಕೆ. ಅವಳು ಸತ್ತರೆ ಗಂಡನೇ ಹೆಣ್ಣಾಗುತ್ತಾನೆ! ಹಾನ್ಸ್ ಮತ್ತು ಸಿಮೋನ್ ಫ್ರಿಕೆ 1977ರಲ್ಲಿ ಇದನ್ನು ತೋರಿಸಿಕೊಟ್ಟರು. 2003ರ ಸಿನಿಮಾದಲ್ಲಿ ತಾಯಿ ಸತ್ತ ಮೇಲೆ ಅಪ್ಪ ಕೊನೆಯವರೆಗೂ ಅಪ್ಪನಾಗಿಯೇ ಉಳಿಯುತ್ತಾನೆ. ಇರಲಿ, ಮಕ್ಕಳ ಸಿನಿಮಾ.

ಗೆಳೆಯ ಈಗ ಪ್ಯಾಕೆಟಿನ ಕಡಲ ಉಪ್ಪು ತೂಗಿ, ಅಳತೆ ನೋಡಿ ನೀರು ಮಾಡುತ್ತಾನೆ. ಗಾಳಿ ಪಂಪಿಗೆ ಬ್ಯಾಟರಿ ಇಟ್ಟಿದ್ದಾನೆ. ಮಗಳು ದಿನಾ ನೀರಿನ ಉಷ್ಣತೆ ನೋಡಿ ನೋಟ್ ಪುಸ್ತಕದಲ್ಲಿ ಬರೆಯುತ್ತಾಳೆ. ಅನಿಮೋನ್ ಮತ್ತೆ ತರಲಿಲ್ಲ. ಅದರ ಜಾಗಕ್ಕೆ ಒಡೆದ ಮಡಕೆಯ ಚೂರೊಂದನ್ನು ಬೋರಲು ಹಾಕಿದ್ದಾನೆ. ಮೀನಿನ ಜೋಡಿ ಅದರಡಿಯಲ್ಲೇ ಮಲಗುತ್ತದೆ.

ಮೊನ್ನೆ ಮತ್ತೆ ಫೋನ್ ಬಂತು. ಈ ಸಲ ಮಾತಾಡಿದ್ದು ಮಗಳು. ಮಡಕೆ ಚೂರಿನ ಒಳಮೈಗೆ ಕಿತ್ತಳೆ ಬಣ್ಣದ ಮೊಟ್ಟೆಗಳು ಅಂಟಿವೆಯಂತೆ, ಚಿಕ್ಕ ಮೀನು ಅಲ್ಲೇ ನಿಂತು ರೆಕ್ಕೆಯಿಂದ ಗಾಳಿ ಹಾಕುತ್ತಿದೆಯಂತೆ, ಕೈ ಹಾಕಿದರೆ ಕಚ್ಚಲು ಬರುತ್ತದಂತೆ. "ಚಿಕ್ಕದು ಅಪ್ಪ ಅಲ್ವಾ?" ಎಂದು ಕೇಳಿದಳು. ಹೌದು ಎಂದೆವು.