ರಘು ದೀಕ್ಷಿತ್

ರಘು ದೀಕ್ಷಿತ್ (ಜನನ: 11 ನವೆಂಬರ್ 1974) ಕನ್ನಡ ಜಾನಪದ ಹಾಗೂ ತತ್ತ್ವಪದಗಳನ್ನು ರಾಕ್ ಸಂಗೀತದೊಡನೆ ಬೆಸೆದು ಹಾಡುವ ಗಾಯಕ, ಗೀತರಚನಕಾರ ಮತ್ತು ಚಲನಚಿತ್ರ ಸಂಗೀತ ನಿರ್ದೇಶಕ. ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮುಖ್ಯಸ್ಥರು.

ಬಾಲ್ಯ ಮತ್ತು ಶಿಕ್ಷಣ

ಮಹಾರಾಷ್ಟ್ರದ ನಾಸಿಕ್‌ನಲ್ಲಿ ಜನಿಸಿದ ಇವರು ಬೆಳೆದದ್ದು ಮೈಸೂರಿನಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಿಂದ ಸೂಕ್ಷ್ಮಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನು ಚಿನ್ನದ ಪದಕದೊಂದಿಗೆ ಪಡೆದರು. ಭರತನಾಟ್ಯವನ್ನೂ ಕ್ರಮವಾಗಿ ಅಭ್ಯಾಸ ಮಾಡಿದ್ದರು. ನೃತ್ಯ ಮಾಡುವ ಹುಡುಗನೆಂದು ಸಹಪಾಠಿಯೊಬ್ಬ ಗೇಲಿ ಮಾಡಿದಾಗ ಪಂತ ಕಟ್ಟಿ ಗಿಟಾರ್ ಕಲಿತುದಾಗಿ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಆದರೆ ನೃತ್ಯ ಅವರನ್ನು ಬಿಟ್ಟುಹೋಗಲಿಲ್ಲ. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆಯೇರುವುದು ಇಂದಿಗೂ ಅವರ ಗುರುತು.

ಸಂಗೀತ ಜೀವನ

ಪಿಟೀಲು ವಾದಕ ಎಚ್. ಎನ್. ಭಾಸ್ಕರ್ ಅವರೊಡನೆ ಕಟ್ಟಿದ ‘ಅಂತರಾಗ್ನಿ’ ಇವರ ಮೊದಲ ತಂಡ. ಅದು ಚದುರಿದ ಬಳಿಕ ಈಗಿನ ತಂಡ ರೂಪುಗೊಂಡಿತು. ಮೊದಲ ಧ್ವನಿಸಂಪುಟವನ್ನು 2008ರಲ್ಲಿ ಹಿಂದಿ ಚಿತ್ರರಂಗದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ತಮ್ಮ ಸಂಸ್ಥೆಯ ಮೂಲಕ ಹೊರತಂದರು. ಎರಡನೆಯ ಸಂಪುಟ ‘ಜಗ್ ಚಂಗಾ’ 2013ರಲ್ಲಿ ಬಂದಿತು.

ಹಿಂದಿ ಮತ್ತು ಇಂಗ್ಲಿಷ್ ಗೀತೆಗಳೂ ಇದ್ದ ಮೊದಲ ಸಂಪುಟದಲ್ಲಿ ಕನ್ನಡಿಗರ ಗಮನ ಸೆಳೆದವು ಶಿಶುನಾಳ ಶರೀಫರ (1819–1889) ಎರಡು ಪದಗಳು: ‘ಸೋರುತಿಹುದು ಮನಿಯ ಮಾಳಿಗಿ’ ಮತ್ತು ‘ಗುಡುಗುಡಿಯ ಸೇದಿ ನೋಡೋ’. ಹಾವೇರಿ ಸೀಮೆಯ ಈ ಅನುಭಾವಿಯ ಪದಗಳನ್ನು ಸಿ. ಅಶ್ವತ್ಥ್ ಅದಾಗಲೇ ಮನೆಮನೆಗೆ ತಲುಪಿಸಿದ್ದರು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಸಂಗೀತವೂ ಅವರದೇ. ದೀಕ್ಷಿತರು ಆ ಧಾಟಿಯನ್ನು ಅನುಸರಿಸದೆ, ಪದಗಳನ್ನು ಹಾಗೆಯೇ ಉಳಿಸಿಕೊಂಡು ಗಿಟಾರ್, ಡ್ರಮ್ಸ್‌ಗಳ ಲಯಕ್ಕೆ ಹೊಸದಾಗಿ ಅಳವಡಿಸಿದರು. ಗುಡುಗುಡಿಯ ಪದವನ್ನು ಹೊಗೆಸೊಪ್ಪಿನ ಹಾಡೆಂದು ಭಾವಿಸಿ ಕುಣಿಯುವವರು ಇಲ್ಲದಿಲ್ಲ. ದೇಹವನ್ನೇ ಹುಕ್ಕವಾಗಿಸಿದ ರೂಪಕ ಅದು. ಅಬ್ಬರದ ವಾದ್ಯಗಳ ನಡುವೆಯೂ ಉಚ್ಚಾರಣೆ ಸ್ಫುಟವಾಗಿರುವುದರಿಂದ ಅರ್ಥ ಹುಡುಕುವವರಿಗೆ ದಾರಿ ತೆರೆದೇ ಇದೆ.

2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ್ದು ಇಂಗ್ಲೆಂಡಿನ ಶ್ರೋತೃಗಳಿಗೆ ಇವರನ್ನು ಪರಿಚಯಿಸಿತು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಉತ್ತಮ ನವಪ್ರತಿಭೆ ಪ್ರಶಸ್ತಿ ಲಭಿಸಿತು.

ಚಲನಚಿತ್ರಗಳು

ಕನ್ನಡದಲ್ಲಿ ‘ಸೈಕೋ’ (2008), ‘ಜಸ್ಟ್ ಮಾತ್ ಮಾತಲ್ಲಿ’ (2010), ‘ಲವ್ ಮಾಕ್‌ಟೇಲ್’ (2020) ಮೊದಲಾದ ಚಿತ್ರಗಳಿಗೆ ಸಂಗೀತ ನೀಡಿದ್ದಾರೆ. ‘ಸೈಕೋ’ ಚಿತ್ರದ ಮಹದೇಶ್ವರನ ಹಾಡು ಚಿತ್ರಕ್ಕಿಂತ ಹೆಚ್ಚು ಕಾಲ ಉಳಿದಿದೆ. 2023ರ ‘ಆರ್ಕೆಸ್ಟ್ರಾ ಮೈಸೂರು’ ಚಿತ್ರದ ಸಂಗೀತವೂ ಇವರದು. ಮೈಸೂರಿನ ವಾದ್ಯಗೋಷ್ಠಿ ಕಲಾವಿದರ ಬದುಕೇ ಅದರ ಕಥಾವಸ್ತು.